ತಟ್ಟಕ್ಕ ಬೇಡವೆಂದಿದ್ದ ದೋಣಿ

ಬೆಳಗಿನ ಐದೂವರೆ. ನದಿಯ ಮೇಲೆ ಇನ್ನೂ ಸರಿಯಾಗಿ ಬೆಳಕು ಬಿದ್ದಿಲ್ಲ. ದೋಣಿ ರಿಪೇರಿಯ ಅಂಗಳದ ಕೊನೆಯಲ್ಲಿ, ದಿಮ್ಮಿಗಳ ಮೇಲೆ ಬೋರಲು ಹಾಕಿದ ಹಳೇ ದೋಣಿಯ ಪಕ್ಕ ಹೆಂಗಸೊಬ್ಬರು ಮಂಡಿಯೂರಿ ಕೂತಿದ್ದಾರೆ. ಬಲಗೈಯಲ್ಲಿ ಮರದ ಕೊಡತಿ, ಎಡಗೈಯಲ್ಲಿ ಸೀಮೆಸುಣ್ಣದ ತುಂಡು. ಟಣ್. ಒಂದು ಗೇಣು ಸರಿಯುತ್ತಾರೆ. ಟಣ್. ಇನ್ನೊಂದು ಗೇಣು. ದಪ್. ಅಲ್ಲಿ ನಿಲ್ಲುತ್ತಾರೆ, ಕಿವಿಯನ್ನು ಹಲಗೆಯ ಹತ್ತಿರ ತಂದು ಮತ್ತೊಮ್ಮೆ ಬಡಿಯುತ್ತಾರೆ. ಈ ಸಲ ಬಂದದ್ದು ಟಣ್ ಅಲ್ಲ, ದಪ್ ಕೂಡ ಅಲ್ಲ. ಸೀಮೆಸುಣ್ಣ ಹಲಗೆಯವರೆಗೆ ಹೋಗಿ ಹಾಗೇ ವಾಪಸ್ ಬರುತ್ತದೆ.

"ನಿಮಗೇನು ಕೇಳಿಸ್ತು?" ಎಂದು, ತಮ್ಮ ಬಗ್ಗೆ ಬರೆಯಲು ಬಂದ ನನ್ನನ್ನೇ ಕೇಳುತ್ತಾರೆ. ಮನೆಯಲ್ಲಿ ಕುಕ್ಕರ್ ಎಷ್ಟು ಸಲ ಕೂಗಿತೆಂದು ಪಕ್ಕದ ಮನೆಯವರನ್ನು ವಿಚಾರಿಸುವ ಕಿವಿ ನನ್ನದು. ಗೊತ್ತಾಗಲಿಲ್ಲ ಎನ್ನುತ್ತೇನೆ. "ನನಗೂ ಅಷ್ಟೇ" ಎಂದು ಅವರು ಕೊಡತಿ ಕೆಳಗಿಡುತ್ತಾರೆ. ಮೂವತ್ತೆರಡು ವರ್ಷ ಇದೇ ಕೆಲಸ ಮಾಡಿದವರ ಬಾಯಲ್ಲಿ ಈ ಮಾತು ಕೇಳಿ, ನಾನು ತಪ್ಪು ಜಾಗಕ್ಕೆ ಬಂದೆನೇ ಎಂಬ ಅನುಮಾನ ನನಗೆ ಸೋಮವಾರವೇ ಶುರುವಾಗುತ್ತದೆ.

ಎರಡೂ ದಡದಲ್ಲಿ ಇವರನ್ನು ಎಲ್ಲರೂ ಕರೆಯುವುದು ತಟ್ಟಕ್ಕ ಎಂದೇ. ಹಳೇ ದೋಣಿ ಕೊಳ್ಳಹೊರಟವರು ಮೊದಲು ಇವರನ್ನು ಕರೆತರುತ್ತಾರೆ. ಬಣ್ಣ ಬಳಿದು ಮದುಮಗಳಂತೆ ನಿಲ್ಲಿಸಿದ ದೋಣಿಯ ಒಳಗುಟ್ಟು ಸದ್ದಿನಲ್ಲಿ ಬಯಲಾಗುತ್ತದೆ. ಗಟ್ಟಿ ಹಲಗೆ ಟಣ್ ಎನ್ನುತ್ತದೆ, ಒಳಗೆ ಕೊಳೆತದ್ದು ದಪ್ ಎನ್ನುತ್ತದೆ. ದಪ್ ಎಂದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಒಂದು ಇಂಟು ಗುರುತು. ಎಂಟು ಗುರುತು ದಾಟಿದರೆ ತಟ್ಟಕ್ಕನ ತೀರ್ಪು "ಬೇಡ". ಒಂದು ದೋಣಿಗೆ ಕಡಿಮೆಯೆಂದರೂ ನಾನೂರು ಏಟು, ವಾರಕ್ಕೆ ಎರಡು ದೋಣಿ. ಇದುವರೆಗೆ ಎಷ್ಟು ದೋಣಿ ಆಗಿರಬಹುದು ಎಂದರೆ ಅವರು ಅಂಗಳದ ಕಾವಲುಗಾರನ ಕಡೆ ನೋಡುತ್ತಾರೆ. ಆತ ಎರಡು ಸಾವಿರ ಎನ್ನುತ್ತಾನೆ, ಸ್ವಲ್ಪ ಯೋಚಿಸಿ ಮೂರು ಸಾವಿರ ಎನ್ನುತ್ತಾನೆ.

ಇಷ್ಟು ಜನರನ್ನು ನೀರುಪಾಲಾಗದಂತೆ ಉಳಿಸಿದ್ದೀರಲ್ಲ, ಯಾರಾದರೂ ನೆನೆಸುತ್ತಾರಾ? ಕೇಳಿದರೆ ನಗುತ್ತಾರೆ. "ನಾನು ಬೇಡ ಅಂದ ದೋಣಿ ಯಾರೂ ತಗೊಳ್ಳಲ್ಲ. ತಗೊಳ್ಳದೇ ಇದ್ದ ದೋಣಿ ಮುಳುಗಲ್ಲ. ಮುಳುಗದೇ ಇದ್ದಿದ್ದಕ್ಕೆ ಯಾರು ಬಂದು ಥ್ಯಾಂಕ್ಸ್ ಹೇಳ್ತಾರೆ ಹೇಳಿ?"

ಈ ಕೆಲಸ ಅವರಿಗೆ ಬಂದದ್ದು ಮಾವನಿಂದ. ಮಾವ ದೋಣಿ ಕಟ್ಟುವ ಬಡಗಿ, ಎಡಗೈಯವರು. ಜೀವಮಾನವೆಲ್ಲ ಮೊಳೆ ಬಡಿದು ಬಡಿದು ಅವರ ಕಿವಿ ಹೋಗಿತ್ತು. ಕೈಗೆ ಇನ್ನೂ ಕಸುವಿದೆ, ಕಿವಿಗೆ ಏನೂ ಇಲ್ಲ. ಹೊಸ ಸೊಸೆಯನ್ನು ಅಂಗಳಕ್ಕೆ ಕರೆತಂದು ಪಕ್ಕದಲ್ಲಿ ನಿಲ್ಲಿಸಿಕೊಂಡರು. ಮಾವ ಬಡಿಯುವುದು, ಸೊಸೆ ಕೇಳುವುದು. ಟಣ್ ಅಂದರೆ ಅಂಗೈ ಬಿಚ್ಚಿ ತೋರಿಸುವುದು, ದಪ್ ಅಂದರೆ ಮುಷ್ಟಿ ಹಿಡಿಯುವುದು. ಅತ್ತೆಗೆ ಇದು ಸರಿಬರಲಿಲ್ಲವಂತೆ. "ಸೊಸೆ ಮಾವನಿಗೆ ಮುಷ್ಟಿ ತೋರಿಸ್ತಾಳೆ ಅಂತ ಊರೆಲ್ಲ ಹೇಳ್ಕೊಂಡು ಬಂದ್ರು" ಎಂದು ತಟ್ಟಕ್ಕ ನಗುತ್ತಾರೆ. ಮುಂದೆ ಕೊಡತಿಯೂ ಸೊಸೆಯ ಕೈಗೆ ಬಂತು. ಮಾವ ಪಕ್ಕದಲ್ಲಿ ನಿಂತು ಮುಷ್ಟಿಗೂ ಅಂಗೈಗೂ ತಲೆಯಾಡಿಸುತ್ತಿದ್ದರು.

ತಟ್ಟಕ್ಕನಿಗೆ ಒಂದು ಕಟ್ಟುನಿಟ್ಟಿನ ನಿಯಮವಿದೆ. ಕೊಳ್ಳುವವರು ದೋಣಿಯ ಬಳಿ ನಿಲ್ಲುವಂತಿಲ್ಲ. ನಲವತ್ತು ಹೆಜ್ಜೆ ಆಚೆ, ಚಹಾದಂಗಡಿಯ ಬೆಂಚಿನ ಮೇಲೆ ಕೂರಬೇಕು. "ಅವರು ಆಸೆಯಿಂದ ನೋಡ್ತಾ ನಿಂತಿರ್ತಾರಲ್ಲ, ಆ ಆಸೆ ನನ್ನ ಕೈಗೆ ಬಂದ್ಬಿಡುತ್ತೆ. ಏಟು ಮೆತ್ತಗಾಗುತ್ತೆ. ಮೆತ್ತಗೆ ತಟ್ಟಿದ್ರೆ ಎಂಥ ಕೊಳೆತ ಹಲಗೆನೂ ಒಳ್ಳೆ ಮಾತೇ ಆಡುತ್ತೆ."

ಈಗಿನ ಪಡಿಪಾಟಲು ಇದೇ. ಈ ಸಲ ಕೊಳ್ಳುವವರು ತಟ್ಟಕ್ಕನೇ. ಯಾರನ್ನು ಬೆಂಚಿಗೆ ಕಳಿಸುವುದು?

ದೋಣಿ ಮೀಸೆಯಣ್ಣನದು. ಹದಿನೆಂಟು ವರ್ಷ ಜನರನ್ನು ದಡ ದಾಟಿಸಿ, ಮಂಡಿ ಹಿಡಿದುಕೊಂಡ ಮೇಲೆ ನಾಲ್ಕು ವರ್ಷದಿಂದ ಇಲ್ಲಿ ಬೋರಲು ಹಾಕಿದ್ದಾರೆ. ಭಾನುವಾರ ಜಾಗ ಖಾಲಿ ಮಾಡಿಕೊಡಬೇಕು. ಅಷ್ಟರಲ್ಲಿ ಯಾರೂ ಕೊಳ್ಳದಿದ್ದರೆ ಕೊಡಲಿಯವರು ಬಂದು ಸೀಳಿ ಸೌದೆಗೆ ಒಯ್ಯುತ್ತಾರೆ. ತಟ್ಟಕ್ಕನ ಬಳಿ ಇರುವುದು ಮನೆಯ ಸೂರು ಸರಿಮಾಡಿಸಲು ಕೂಡಿಟ್ಟ ಹಣ. ಅದು ಒಂದು ಕೆಲಸಕ್ಕೆ ಸಾಕು, ಎರಡಕ್ಕಲ್ಲ.

ಇದೇ ದೋಣಿ ಯಾಕೆ? ಇಪ್ಪತ್ತೆರಡು ವರ್ಷದ ಹಿಂದೆ ಮೀಸೆಯಣ್ಣ ಇದನ್ನು ಬೇರೊಬ್ಬರಿಂದ ಕೊಳ್ಳುವಾಗ ತಟ್ಟಿ ನೋಡಿದವರು ತಟ್ಟಕ್ಕ. ತಳದ ನಡುವಿನ ಹಲಗೆಯುದ್ದಕ್ಕೂ ದಪ್, ದಪ್, ದಪ್. ಅಲ್ಲೇ ಒಂಬತ್ತು ಗುರುತು. ಪಕ್ಕದಲ್ಲಿದ್ದ ಮಾವನಿಗೆ ಮುಷ್ಟಿ ತೋರಿಸಿದರೆ ಅವರೂ ತಲೆಯಾಡಿಸಿದರು. ತಟ್ಟಕ್ಕ ಬೆಂಚಿನ ಹತ್ತಿರ ಹೋಗಿ ಬೇಡ ಎಂದರು. ಮೀಸೆಯಣ್ಣ ಕೇಳಲಿಲ್ಲ, ಕೊಂಡೇಬಿಟ್ಟರು. ಆಮೇಲೆ ಹದಿನೆಂಟು ವರ್ಷ ಅಂಗಳದ ಮುಂದೆ ಹಾದುಹೋಗುವಾಗಲೆಲ್ಲ ದೋಣಿಯ ಪಕ್ಕೆಗೆ ಅಂಗೈಯಿಂದ ಮೂರು ಸಲ ಬಡಿದು ಸದ್ದು ಮಾಡುತ್ತಿದ್ದರು. ನೋಡು ತಂಗಿ, ಇನ್ನೂ ತೇಲ್ತಾ ಇದೆ ಎಂದು ಅದರ ಅರ್ಥ.

"ಆ ಸದ್ದು ಕೇಳಿದ್ರೆ ಮೈಯೆಲ್ಲ ಉರೀತಿತ್ತು. ಒಂದು ಸಲ ತಪ್ಪಿದ ಕಿವಿ ಇನ್ನೆಷ್ಟು ಸಲ ತಪ್ಪಿರಬಹುದು? ನಾನು ಬೇಡ ಅಂದು ಸೌದೆಗೆ ಹೋದ ದೋಣಿಗಳೆಲ್ಲ ನಿಜವಾಗ್ಲೂ ಕೊಳೆತಿದ್ವಾ?" ತಟ್ಟಕ್ಕ ಇದನ್ನು ಯಾರ ಬಳಿಯೂ ಹೇಳಿಕೊಂಡವರಲ್ಲ. ನಾಚಿಕೆಗೆ ಮಾವನ ಮುಂದೆಯೂ ಆ ದೋಣಿಯ ಸುದ್ದಿ ಎತ್ತಲಿಲ್ಲ. ಮಾವ ತೀರಿಕೊಂಡು ಈಗ ಹದಿನೈದು ವರ್ಷ.

ಮಂಗಳವಾರ ಗುರುತು ಹದಿನಾಲ್ಕು. ಬುಧವಾರ ಅದನ್ನೆಲ್ಲ ಒರೆಸಿ ಹೊಸದಾಗಿ ತಟ್ಟಿದರೆ ಆರು. ದೋಣಿ ಅದೇ, ಕೊಡತಿ ಅದೇ. ನಾನು ಬರೆದುಕೊಂಡ ಲೆಕ್ಕ ನನಗೇ ಅರ್ಥವಾಗುವುದಿಲ್ಲ. ಆರು ಬಂದಾಗ ತಟ್ಟಕ್ಕ ಖುಷಿಪಡುತ್ತಾರೆ, ಐದು ನಿಮಿಷಕ್ಕೆ ಆ ಖುಷಿಯ ಮೇಲೇ ಅನುಮಾನ ಬಂದು ಮುಖ ಬಾಡುತ್ತದೆ. ದೋಣಿ ತೆಗೆದುಕೊಂಡು ಏನು ಮಾಡುತ್ತೀರಿ ಎಂಬ ಪ್ರಶ್ನೆಗೂ ದಿನಕ್ಕೊಂದು ಉತ್ತರ. ಮಂಗಳವಾರ ಬಾಡಿಗೆಗೆ ಬಿಡುವುದು. ಬುಧವಾರ ಆಚೆ ದಡದ ಸಂತೆಗೆ ತರಕಾರಿ ಸಾಗಿಸುವುದು. ಗುರುವಾರ, "ಏನು ಮಾಡ್ತೀನೋ ನನಗೂ ಗೊತ್ತಿಲ್ಲ ಕಣ್ರೀ, ಸುಮ್ನೆ ಕೇಳ್ಬೇಡಿ."

ಗುರುವಾರ ಸಂಜೆ ಅವರ ಮನೆಗೆ ಹೋಗುತ್ತೇನೆ. ಎರಡು ಕೋಣೆ. ಮುಂದಿನ ಕೋಣೆಯಲ್ಲಿ ಅವರ ಯಜಮಾನರ ಹೊಲಿಗೆ ಮಷೀನು, ಮಷೀನಿನ ಬಲಕ್ಕೆ ಒಂದು ಬಕೆಟ್ಟು, ಎಡಕ್ಕೆ ಒಂದು ಪಾತ್ರೆ. ಮಳೆ ಬಂದರೆ ಯಜಮಾನರು, ಅಂದರೆ ಟೈಲರ್, ಮಷೀನನ್ನು ಸರಿಸಿಕೊಂಡು ಸರಿಸಿಕೊಂಡು ಬಾಗಿಲವರೆಗೆ ಬಂದಿರುತ್ತಾರಂತೆ. ಮಾತು ದೋಣಿಯ ಕಡೆ ತಿರುಗುತ್ತಲೇ ಹಲ್ಲಿನ ನಡುವಿನ ದಾರ ತೆಗೆದು ಹೇಳುತ್ತಾರೆ: "ಈಗಾಗ್ಲೇ ಸೋರೋದು ಒಂದಿದೆ. ಸಾಲದು ಅಂತ ಇನ್ನೊಂದು ಸೋರೋದನ್ನ ತರ್ತಾಳಂತೆ. ಮೇಲಿಂದ ಬಂದ ನೀರು ಕೆಳಗೆ ಹೋಗುತ್ತೆ, ಅನುಕೂಲ ಆಯ್ತಲ್ಲ!"

"ಹಾಗಾದ್ರೆ ಬೇಡ ಅಂತೀರಾ?" ತಟ್ಟಕ್ಕ ಕೇಳುತ್ತಾರೆ.

"ನಾನೆಲ್ಲಿ ಬೇಡ ಅಂದೆ? ಬೇಡ ಅನ್ನೋದು ನಿನ್ನ ಕೆಲಸ ಕಣೇ."

"ಮತ್ತೆ ಬೇಕು ಅನ್ನಿ."

"ಅದನ್ನೂ ನಾನು ಅಂದಿಲ್ಲಪ್ಪ." ಟೈಲರ್ ಮತ್ತೆ ದಾರ ಬಾಯಿಗಿಡುತ್ತಾರೆ. ಗಂಡ ಹೆಂಡತಿ ಇಬ್ಬರೂ ನನ್ನ ಮುಖ ನೋಡುತ್ತಾರೆ. ತೀರ್ಪು ಹೇಳುವವರ ಬಗ್ಗೆ ಬರೆಯಲು ಬಂದ ನನ್ನ ಹತ್ತಿರವೇ ತೀರ್ಪು ಕೇಳುತ್ತಿದ್ದಾರೆ! ಚಹಾ ಮುಗಿಸಿ ಎದ್ದುಬರುತ್ತೇನೆ.

ಶುಕ್ರವಾರ ಬೆಳಿಗ್ಗೆ ತಟ್ಟಕ್ಕ ಕೊಡತಿಯನ್ನು ಮುಟ್ಟುವುದಿಲ್ಲ. ಬ್ಯಾಟರಿ ಹಿಡಿದು ಬೋರಲು ದೋಣಿಯ ಕೆಳಗೆ ತೆವಳಿಕೊಂಡು ಹೋಗುತ್ತಾರೆ. ಒಳಗೆ ಕಾಲಿಡಲು ಜೋಡಿಸಿದ ಹಲಗೆಗಳು ಇಪ್ಪತ್ತೆರಡು ವರ್ಷದ ಹಿಂದೆ ಮೊಳೆ ಬಿಗಿದು ಭದ್ರವಾಗಿದ್ದವು, ಆದ್ದರಿಂದ ತಳದ ಒಳಮೈ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಈಗ ಅವು ಸಡಿಲಗೊಂಡಿವೆ. ಒಂದನ್ನು ಕಿತ್ತ ಸದ್ದು ಬರುತ್ತದೆ, ಇನ್ನೊಂದನ್ನು ಕಿತ್ತ ಸದ್ದು ಬರುತ್ತದೆ. ನಾನು ಬಗ್ಗಿ ನೋಡಿದರೆ ಅವರು ಅಂಗಾತ ಮಲಗಿ ಮೇಲಿನ ಹಲಗೆಯ ಮೇಲೆ ಕೈಯಾಡಿಸುತ್ತಿದ್ದಾರೆ.

"ಇಲ್ಲಿ ಎರಡು ಪದರ ಇದೆ" ಎನ್ನುತ್ತಾರೆ. ನಡುವಿನ ಹಲಗೆಯ ಒಳಗಡೆ ಅಷ್ಟೇ ಉದ್ದದ ಇನ್ನೊಂದು ಹಲಗೆಯನ್ನು ಕೂರಿಸಿದ್ದಾರೆ. ನಡುವೆ ಡಾಂಬರು ಹಚ್ಚಿದ ದಪ್ಪ ಬಟ್ಟೆ. ಬಟ್ಟೆ ಇದ್ದರೆ ಎಂಥ ಗಟ್ಟಿ ಮರವೂ ದಪ್ ಎಂದೇ ಅನ್ನುತ್ತದೆ. ಮೊಳೆಗಳ ತುದಿಯನ್ನೆಲ್ಲ ಎಡಕ್ಕೆ ಬಗ್ಗಿಸಿದೆ. ಈ ಅಂಗಳದಲ್ಲಿ ಮೊಳೆಯನ್ನು ಎಡಕ್ಕೆ ಬಗ್ಗಿಸುತ್ತಿದ್ದ ಬಡಗಿ ಒಬ್ಬರೇ.

ಹೊರಗೆ ಬಂದು ಬೆಂಚಿನ ಮೇಲೆ ಕೂತ ಮೇಲೆ ಅವರು ನನಗೆ ಬಿಡಿಸಿ ಹೇಳುತ್ತಾರೆ. ಸೊಸೆ ಮನೆಗೆ ಬರುವ ಮುಂಚೆ ಮಾವನೇ ಈ ದೋಣಿಗೆ ಒಳಪದರ ಹಾಕಿದ್ದರು. ಸೊಸೆ ಮುಷ್ಟಿ ತೋರಿಸಿದಾಗ, ಹೌದು, ಅಲ್ಲಿ ದಪ್ ಅನ್ನಲೇಬೇಕು, ಅದು ನನ್ನದೇ ಕೆಲಸ ಎಂದು ತಲೆಯಾಡಿಸಿದರು. ಹೌದು, ಕೊಳೆತಿದೆ ಎನ್ನುತ್ತಿದ್ದಾರೆ ಎಂದು ಸೊಸೆ ತಿಳಿದರು. ಆಮೇಲೆ ಅವರು ಬೆಂಚಿನ ಬಳಿ ಹೋಗಿ ಬೇಡ ಎಂದದ್ದು ಮಾವನ ಕಿವಿಗೆ ಬೀಳುವ ಮಾತೇ ಇರಲಿಲ್ಲ. "ಕಿವಿನೂ ಸರಿಯಾಗೇ ಇತ್ತು, ತಲೆ ಆಡಿಸಿದ್ದೂ ಸರಿಯಾಗೇ ಇತ್ತು. ಹೇಳಿದ್ದು ಮಾತ್ರ ತಪ್ಪು. ಇದಕ್ಕೆ ನಗ್ಬೇಕೋ ಅಳ್ಬೇಕೋ ಹೇಳಿ" ಎನ್ನುವಾಗ ಕಣ್ಣು ಒದ್ದೆ. ಇಪ್ಪತ್ತೆರಡು ವರ್ಷ ಒಬ್ಬರೇ ಹೊತ್ತುಕೊಂಡು ತಿರುಗಿದ ಅವಮಾನ ಅದು.

ಇಷ್ಟಾದ ಮೇಲೆ ಕೊಂಡೇಬಿಡುತ್ತಾರೆ ಎಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ. "ಆವತ್ತು ಗಟ್ಟಿ ಇತ್ತು ಅಂತ ಗೊತ್ತಾಯ್ತು. ಇವತ್ತಿನದು ಗೊತ್ತಾಗಿಲ್ವಲ್ಲ" ಎನ್ನುತ್ತಾರೆ. ಮತ್ತೆ ಮೀನಮೇಷ.

ಶನಿವಾರ ಬೆಳಗಿನ ಐದೂವರೆ. ತಟ್ಟಕ್ಕ ಯಜಮಾನರನ್ನು ಕರೆತಂದಿದ್ದಾರೆ. ಟೈಲರ್ ಕೈಗೆ ಕೊಡತಿ ಕೊಟ್ಟು, "ಗೇಣಿಗೊಂದು ಏಟು, ಜೋರಾಗಿ ಹೊಡೀರಿ, ಕನಿಕರ ಬೇಡ" ಎಂದು ಹೇಳಿ, ತಾವು ನಲವತ್ತು ಹೆಜ್ಜೆ ಎಣಿಸಿಕೊಂಡು ಬಂದು ಬೆಂಚಿನ ಮೇಲೆ ಕೂರುತ್ತಾರೆ, ದೋಣಿಗೆ ಬೆನ್ನು ಹಾಕಿ. ಮೀಸೆಯಣ್ಣನೂ ಕೋಲೂರಿಕೊಂಡು ಬಂದು ಪಕ್ಕದಲ್ಲಿ ಕೂತಿದ್ದಾರೆ. ಟೈಲರ್ ಬಡಿಯುತ್ತಾರೆ. ತಟ್ಟಕ್ಕ ಕಣ್ಣು ಮುಚ್ಚಿ, ಏಟು ಎಣಿಸುತ್ತಾ ಕೇಳುತ್ತಾರೆ, ದಪ್ ಎಂದಾಗ ಕೈಯೆತ್ತಿ ಮುಷ್ಟಿ ತೋರಿಸುತ್ತಾರೆ, ಅಲ್ಲಿ ಟೈಲರ್ ಗುರುತು ಹಾಕುತ್ತಾರೆ. ಮಾವ ಹಾಕಿದ ಪದರದ ಮೇಲೆ ಏಟು ಬಿದ್ದಾಗ ಮುಷ್ಟಿ ಏಳುವುದಿಲ್ಲ, ತಲೆ ಮಾತ್ರ ಆಡುತ್ತದೆ. ಅದನ್ನು ಬಿಟ್ಟು ಕೊನೆಗೆ ಹನ್ನೊಂದು ಗುರುತು.

ಹನ್ನೊಂದು ಎಂದರೆ ಎಂಟಕ್ಕಿಂತ ಮೂರು ಹೆಚ್ಚು. ಮೀಸೆಯಣ್ಣ ನಿಟ್ಟುಸಿರು ಬಿಡುತ್ತಾರೆ. "ಹೋಗ್ಲಿ ಬಿಡು ತಂಗಿ. ಕೊಡಲಿಯವರಿಗೇ ಹೇಳ್ತೀನಿ."

"ಬೇರೆಯವರಿಗಾಗಿದ್ರೆ ಬೇಡ ಅಂತಿದ್ದೆ ಅಣ್ಣ. ಈಗ್ಲೂ ನನ್ನ ಕಿವಿ ಬೇಡ ಅಂತಾನೇ ಹೇಳ್ತಿದೆ." ತಟ್ಟಕ್ಕ ಎದ್ದು ನಲವತ್ತು ಹೆಜ್ಜೆ ನಡೆದು ದೋಣಿಯ ಬಳಿ ಹೋಗುತ್ತಾರೆ. ಗಂಡನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು ಜೇಬಿಗೆ ಹಾಕಿಕೊಳ್ಳುತ್ತಾರೆ. ಟೈಲರ್ ಒಮ್ಮೆ ಆಕಾಶದ ಮೋಡ ನೋಡಿ, "ಇನ್ನೊಂದು ಬಕೆಟ್ ತಗೋಬೇಕು ಹಾಗಾದ್ರೆ" ಎನ್ನುತ್ತಾರೆ. ಬೇಡ ಎನ್ನುವುದಿಲ್ಲ.

ಏನು ಮಾಡುತ್ತೀರಿ ಇದನ್ನು, ಎಂದು ನಾನು ಕೊನೆಯ ಸಲ ಕೇಳುತ್ತೇನೆ. ಇಷ್ಟು ವರ್ಷ ಎಷ್ಟೋ ದೋಣಿಗಳ ತಳ ನೋಡಿದ್ದಾರೆಯೇ ಹೊರತು ಕೆಲಸಕ್ಕೆಂದು ದಡ ದಾಟುವಾಗಲ್ಲದೆ ಒಂದರಲ್ಲೂ ಸುಮ್ಮನೆ ಕೂತು ಹೋದವರಲ್ಲ. "ಹನ್ನೊಂದೂ ಕಡೆ ಹಲಗೆ ಬದಲಾಯಿಸಿ, ಒಂದು ಸಲ ಆಚೆ ದಡಕ್ಕೆ ಹೋಗಿ ಬರ್ಬೇಕು. ಅಷ್ಟೇ ಆಸೆ. ಆಮೇಲಿಂದು ಆಮೇಲೆ."

ಆಮೇಲೆ ದೋಣಿಯ ಪಕ್ಕೆಗೆ ಅಂಗೈಯಿಂದ ಮೂರು ಸಲ ಬಡಿಯುತ್ತಾರೆ. ಬೆಂಚಿನ ಮೇಲೆ ಮೀಸೆಯಣ್ಣ ತಲೆ ಎತ್ತುತ್ತಾರೆ. "ಕೇಳಿಸ್ತಾ ಅಣ್ಣ?" ಎಂದು ತಟ್ಟಕ್ಕ ಕೂಗುತ್ತಾರೆ. "ಹೋದ ಸಲ ನಾನು ಬೇಡ ಅಂದಾಗ ಹದಿನೆಂಟು ವರ್ಷ ಓಡ್ತು ಇದು. ಈ ಸಲ ಎಷ್ಟು ಓಡುತ್ತೋ ನೋಡೋಣ."