ಗೂಳಪ್ಪ ಹೊತ್ತ ಕಿರೀಟ

ಮುಂಡಗೋಡ ಸೀಮೆಯಲ್ಲಿ ಬಯಲಾಟದ ಕಿರೀಟ ಎಂದರೆ ಗೂಳಪ್ಪನ ಮನೆತನ. ಮುತ್ತಜ್ಜ ಕರಿಬಸಪ್ಪ ವೇಷಗಾರನ ಕತ್ತು ನೋಯದಂತೆ ಹಗುರ ಕಟ್ಟಿಗೆಯಲ್ಲಿ ಏಳು ಹೆಡೆಯ ಕಿರೀಟ ಕೊರೆದವನು. ಅಜ್ಜ ಅಂದಾನೆಪ್ಪ ಅದಕ್ಕೆ ಬಂಗಾರವೂ ನಾಚುವ ಹಳದಿ ಬಣ್ಣ ಕಂಡುಕೊಂಡವನು. ಅಪ್ಪ ಶಿವಲಿಂಗ ಆ ಬಣ್ಣವನ್ನು ಹತ್ತೂರಿಗೆ ಮುಟ್ಟಿಸಿದವನು. ನಲವತ್ತಾರನೇ ವಯಸ್ಸಿಗೆ ತೀರಿಕೊಂಡಾಗ ಅವನ ಅಂಗೈ ಬೇಸಿಗೆಯ ಹೊಲದಂತೆ ಬಿರಿದಿತ್ತು. ಅಜ್ಜನೂ ಹಾಗೆಯೇ ಹೋಗಿದ್ದ. ಗೂಳಪ್ಪ ಬಣ್ಣ ಬಿಟ್ಟು ದಾಂಡೇಲಿಯಲ್ಲಿ ಬಡಿಗತನ ಹಿಡಿದ. ಯಾಕೆಂದು ಯಾರಿಗೂ ಹೇಳಲಿಲ್ಲ.

ಆ ಮನೆತನದ ಕಿರೀಟಕ್ಕೆಲ್ಲ ಒಂದು ಕಟ್ಟಳೆಯಿತ್ತು. ಕೆಂಪು ಬಟ್ಟೆ ಸುತ್ತಿಯೇ ಇಡಬೇಕು, ಬರಿಗೈ ಹಚ್ಚಬಾರದು, ಇಳಿಸಿದ ಮೇಲೆ ಅಂಟವಾಳದ ನೊರೆಯಲ್ಲಿ ಮೂರು ಸಲ ಕೈ ತೊಳೆಯದೆ ತುತ್ತು ಮುಟ್ಟಬಾರದು. ತಪ್ಪಿದರೆ ದೇವಿ ಮುನಿಯುತ್ತಾಳೆ.

ಅಜ್ಜ ಮಾಡಿದ ಕೊನೆಯ ಕಿರೀಟವನ್ನು ಹಳಿಯಾಳದ ನಾಟಕದ ಜ್ಯೋತಿಬಾ ಕೊಂಡಿದ್ದ. ಬಿಳಿ ಕುದುರೆಯ ಮೇಲೆಯೇ ರಂಗಕ್ಕೆ ಬರುತ್ತಿದ್ದ ಆಸಾಮಿ; ಚಪ್ಪಲಿಗೂ ಜರಿ ಹಚ್ಚಿಸಿದವನು. ಅವನು ಸತ್ತ ಮೇಲೆ ಮಗ ಸಂಜೀವಕುಮಾರ ಮನೆಯನ್ನೇ ಮ್ಯೂಸಿಯಂ ಮಾಡಿದ. ಬಂದವರಿಗೆ ಅದನ್ನೆಲ್ಲ ತೋರಿಸುವ ಕೆಲಸಕ್ಕೆ ಗೂಳಪ್ಪನ ಮೊಮ್ಮಗಳು ಸಹನಾ ಸೇರಿ ಎರಡು ವರ್ಷವಾಗಿತ್ತು.

ಹೋದ ಅಮಾವಾಸ್ಯೆಗೆ ಅವಳು ಊರಿಗೆ ಬಂದಳು. ರೊಟ್ಟಿಗೆ ಕೈ ಚಾಚಿದಾಗ ಅಂಗೈಯಲ್ಲಿ ಜೋಳದ ಕಾಳಿನಂಥ ಗಟ್ಟಿ ಗಂಟುಗಳು ಕಂಡವು. ಗೂಳಪ್ಪ ತನ್ನ ತಟ್ಟೆ ಸರಿಸಿದ. ಅಪ್ಪನ ಕೈಗೂ ಮೊದಲು ಬಂದದ್ದು ಅವೇ.

ಮರುದಿನ ಮೊದಲ ಬಸ್ಸಿಗೆ ಅವಳ ಜೊತೆ ಹೊರಟ.

ಮ್ಯೂಸಿಯಮ್ಮಿನ ಪಡಸಾಲೆಯಲ್ಲಿ ಜ್ಯೋತಿಬಾನ ಮಖಮಲ್ಲಿನ ಕೋಟುಗಳು ರುಂಡವಿಲ್ಲದ ಮನುಷ್ಯರಂತೆ ಸಾಲಾಗಿ ನಿಂತಿದ್ದವು. ಗಾಜಿನ ಪೆಟ್ಟಿಗೆಯಲ್ಲಿ ರೇಷ್ಮೆಯ ಕೈಗವಸು. ಒಳಕೋಣೆಯ ಸ್ಟೂಲಿನ ಮೇಲೆ ಕಿರೀಟ, ಬತ್ತಲೆ. ಜನ ಪಾಳಿ ಹಚ್ಚಿ ತಲೆಗಿಟ್ಟು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಒಂದು ಕೂಸಿನ ಹಣೆಗೆ ಹಳದಿ ಪುಡಿ ಹತ್ತಿತ್ತು. ಅದನ್ನು ಒರೆಸಿಕೊಂಡ ಬೆರಳು ಬಾಯಿಯ ಕಡೆ ಹೊರಟಿತ್ತು. ಗೂಳಪ್ಪ ಗಕ್ಕನೆ ಹಿಡಿದ.

"ಯವ್ವಾ, ಮೊದಲ ಇದರ ಕೈ ಮಾರಿ ಸಬಕಾರ ಹಚ್ಚಿ ತೊಳಿ," ಎಂದು ತಾಯಿಯನ್ನು ಕಳಿಸಿ, ಸಂಜೀವಕುಮಾರನ ಕಡೆ ತಿರುಗಿದ. "ಕೆಂಪು ಬಟ್ಟಿ ಎಲ್ಲೈತೋ?"

"ನುಸಿ ಹಿಡದಿತ್ತು, ಕಾಕಾ. ಒಗದ್ವಿ." ಸಂಜೀವಕುಮಾರ ನಕ್ಕ. "ನಿಮ್ಮ ದೇವಿ ನಮ್ಮಪ್ಪನ ಮ್ಯಾಲೆ ಒಂದಿನಾನೂ ಸಿಟ್ಟಾಗಲಿಲ್ಲ ನೋಡ್ರಿ."

"ನಿಮ್ಮಪ್ಪ ಕೈಗವಸ ಇಲ್ಲದ ಇದನ್ನ ಮುಟ್ಟಲಿಲ್ಲ. ಮಂದಿ ಶೋಕಿ ಅಂದ್ರು. ಹಾಕ್ಕೊಳ್ಳಾಕ ಹೇಳಿದಾಂವ ನಮ್ಮಪ್ಪ."

ಸಂಜೀವಕುಮಾರನ ನಗು ಆರಿತು.

"ಇದರಾಗ ದೇವಿ ಇಲ್ಲಪಾ. ಹರಿತಾಳ ಐತಿ. ಹಳದಿ ಕಲ್ಲ ಅರದ ಬಳದದ್ದು, ಪಾಷಾಣ. ಖರೇ ಹೇಳಿದ್ರ ಯಾರೂ ಕಿರೀಟ ಒಯ್ಯೂದಿಲ್ಲಂತ ನಮ್ಮಜ್ಜ ದೇವಿ ಹೆಸರ ಹೇಳಿದ. ನಾವೂ ಅದನ್ನ ಹೇಳಕೋತ ಬಂದ್ವಿ."

ಸಹನಾ ತನ್ನ ಅಂಗೈ ನೋಡಿಕೊಂಡಳು.

"ಮುಟ್ಟಬ್ಯಾಡ ಅಂದಿದ್ನೆವ್ವಾ," ಎಂದ ಗೂಳಪ್ಪ.

"ದೇವಿ ಅಂತ ಅಂದಿದ್ದಿ, ಅಜ್ಜಾ. ವಿಷ ಅಂದಿದ್ರ ಇದನ್ನ ದಿನಾ ಬರಿಗೈಲೆ ಒರಸತಿದ್ನೇನು?"

ಉಡಿಯಲ್ಲಿ ಕೆಂಡ ಕಟ್ಟಿಕೊಂಡು ತಿರುಗಿದ ಮನೆತನ ಅದು; ಸುಟ್ಟದ್ದು ಈಗ ಮೊಮ್ಮಗಳ ಕೈ. ಗೂಳಪ್ಪ ತಲೆಯ ರುಮಾಲು ಬಿಚ್ಚಿ ಕಿರೀಟಕ್ಕೆ ಸುತ್ತಿದ. ಎತ್ತಲು ನೆರವಾಗಲೆಂದು ಸಂಜೀವಕುಮಾರ ಗಾಜಿನ ಪೆಟ್ಟಿಗೆ ತೆಗೆದು ಕೈಗವಸು ಹಾಕಿಕೊಂಡೇ ಬಂದ. ಸಹನಾ ಕೂಡ ಒಂದು ಹೆಜ್ಜೆ ಮುಂದಿಟ್ಟಳು.

"ದೂರ ನಿಂದರ್ರಿ," ಎಂದ ಗೂಳಪ್ಪ, ಗಂಟನ್ನು ಎದೆಗೆ ಒತ್ತಿಕೊಂಡು. "ಸಂಜೀವ, ನೀ ಈ ಹುಡುಗೀನ ದವಾಖಾನಿಗೆ ಕರಕೊಂಡ ಹೋಗು. ಇದಕ್ಕ ಯಾರೂ ಕೈ ಹಚ್ಚೂದ ಬ್ಯಾಡ. ಮೂರ ತಲಿಮಾರು ಮುಚ್ಚಿಟ್ಟದ್ದು, ನಾನೊಬ್ಬನ ಹೊರತೇನಿ."