ಮಾಚಿಕಾಯಿ ಪುಡಿ, ತುಕ್ಕು ಮೊಳೆ

ಇದನ್ನು ಹೇಳುವುದನ್ನು ವರ್ಷಗಟ್ಟಲೆ ಮುಂದಕ್ಕೆ ಹಾಕುತ್ತಲೇ ಬಂದೆ. ಹೋದ ತಿಂಗಳು ಶ್ರೀರಂಗಪಟ್ಟಣದ ಹಲ್ಲಿನ ಡಾಕ್ಟರಮ್ಮ ನನ್ನ ವಸಡಿಗೆ ಕಂದು ಬಣ್ಣದ ಔಷಧಿ ಹಚ್ಚಿದರು. ಅದರ ಒಗರು ನಾಲಿಗೆಗೆ ತಾಗಿತು. ಮಾಚಿಕಾಯಿ... ಆ ಒಗರು ನನಗೆ ಹೈಸ್ಕೂಲಿನಿಂದಲೂ ಗೊತ್ತು.

"ಸಿಹಿ ತಿಂದಾಗ ಬಾಯಲ್ಲಿರೋ ಕ್ರಿಮಿಗಳು ಸಕ್ಕರೆಯಿಂದ ಅಂಟು ಮಾಡ್ಕೊಂಡು ಹಲ್ಲಿಗೆ ಕಚ್ಕೊಳ್ತವೆ ಯಜಮಾನ್ರೇ. ಆ ಅಂಟು ಮಾಡೋ ಕಿಣ್ವವನ್ನ ಈ ಒಗರು ತಡೆಯುತ್ತೆ," ಎಂದರು ಆಕೆ.  

ಹೇಳಬೇಕಿದ್ದದ್ದು ಒಬ್ಬನ ವಿಷಯ. ಅವನೂ ನಾನೂ ಹೈಸ್ಕೂಲಿನಲ್ಲಿ ಒಂದೇ ಬೆಂಚು. ಅವನ ತಾಯಿ ಮಾಚಿಕಾಯಿ, ಜಾಲಿ ಚಕ್ಕೆ, ಲವಂಗ ಕುಟ್ಟಿ ಹಲ್ಲುಪುಡಿ ಮಾಡುತ್ತಿದ್ದರು. ಒಮ್ಮೆ ಆ ಪುಡಿಯನ್ನು ನೀರಿಗೆ ಕಲಸಿ, ತುಕ್ಕು ಹಿಡಿದ ಮೊಳೆ ಹಾಕಿ, ಇಬ್ಬರೂ ಶಾಯಿ ಮಾಡಿದೆವು. ನೀರು ಕಣ್ಣೆದುರೇ ಕಪ್ಪಾಯಿತು. ಅದರಲ್ಲೇ ಕಾಪಿ ಬರೆದು ಮೇಷ್ಟ್ರಿಂದ ಶಭಾಷ್ ಅನ್ನಿಸಿಕೊಂಡೆವು.

ಮುಂದೆ ಅವನು ಪುಡಿ ಹೊತ್ತು ಸಂತೆ ಸಂತೆ ತಿರುಗಿದ. ಹಲ್ಲುಪುಡಿ ಸಾಬರು ಎಂದೇ ಹೆಸರಾದ. ನಾನು ಟೂತ್‌ಪೇಸ್ಟ್ ಕಂಪನಿಯೊಂದರ ಜೀಪಿನಲ್ಲಿ ಮೈಕು ಹಿಡಿದು ಹೊರಟೆ. ಕೆ.ಆರ್. ಪೇಟೆ ಸಂತೆಯಲ್ಲಿ ಜನವೆಲ್ಲ ಅವನ ಗೋಣಿತಾಟಿನ ಸುತ್ತ. ನನ್ನ ಜೀಪಿನ ಮುಂದೆ ಒಂದು ನರಪಿಳ್ಳೆ ಇಲ್ಲ.

ಮುಂದಿನ ವಾರ ಗಾಜಿನ ಲೋಟ, ತುಕ್ಕು ಮೊಳೆ ತಂದೆ. ಕಂಪನಿಯವರು ಹೇಳಿಕೊಟ್ಟದ್ದಲ್ಲ, ನನ್ನದೇ ತಲೆ. ಅವನ ಪುಡಿಯನ್ನೇ ಕಲಸಿ, ಮೊಳೆ ಹಾಕಿ, ನೀರು ಕಪ್ಪಾದ ಮೇಲೆ ಲೋಟ ಎತ್ತಿ ಹಿಡಿದೆ. "ನೋಡ್ರಪ್ಪಾ, ಕಬ್ಬಿಣಕ್ಕೇ ಇಂಗಾದ್ರೆ ನಿಮ್ ಹಲ್ಲಿನ ಗತಿ ಏನು?"

"ನಮ್ ಸೊಸೆ ನಾಲ್ಗೆ ಕರ್ರಗಿರಾದು ಇದ್ರಿಂದ್ಲೇ ಕಣ್ರವ್ವಾ," ಎಂದಳು ಸಿಂಧಘಟ್ಟದ ಒಬ್ಬ ಅಜ್ಜಿ. ಎಲ್ಲರೂ ನಕ್ಕರು. ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ಅವನೂ ನಕ್ಕ.

"ಅದು ಶಾಯಿ ಕಣವ್ವಾ. ನಾವಿಬ್ರೂ ಸ್ಕೂಲಲ್ಲಿ ಮಾಡಿದ್ದು. ಹೇಳ್ಲಾ, ನೀನೇ ಹೇಳು."

ಮೈಕು ನನ್ನ ಕೈಯಲ್ಲೇ ಇತ್ತು. "ಯಾವ ಶಾಯಿ, ಸಾಬ್ರೇ?" ಎಂದೆ.

ಅದುವರೆಗೆ ನಾನು ಅವನನ್ನು ಹಾಗೆ ಕರೆದವನಲ್ಲ. ಅವನು ತಾಟು ಮಡಚತೊಡಗಿದ...

ಇನ್ನೂ ಮೂರು ಸಂತೆಗಳಲ್ಲಿ ಅದನ್ನೇ ಮಾಡಿದೆ. ನಾಗಮಂಗಲದಲ್ಲಿ ಒಬ್ಬ ಹೆಂಗಸು ಕೊಂಡಿದ್ದ ಪುಡಿಯನ್ನು ಅವನ ಕಾಲ ಬಳಿ ಸುರಿದು ಹೋದಳು. ಅಲ್ಲಿಗೆ ಅವನ ಸಂತೆ ಮುಗಿಯಿತು. ಲಾರಿಗೆ ಮೂಟೆ ಹೊರಲು ಸೇರಿದ ಎಂದು ಕೇಳಿದೆ.

ಎಷ್ಟೋ ವರ್ಷದ ಮೇಲೆ ಪಾಂಡವಪುರ ಸ್ಟೇಷನ್ನಿನಲ್ಲಿ ಎದುರಾದ. ಬೆನ್ನು ಬಾಗಿತ್ತು. "ಏನ್ಲಾ, ಚೆನ್ನಾಗಿದ್ದೀಯಾ? ಬಾ, ಟೀ ಕುಡಿಯವಾ," ಎಂದ. ರೈಲಿಗೆ ಇನ್ನೂ ಹೊತ್ತಿತ್ತು. "ರೈಲು ಬಂತು ಅನ್ಸುತ್ತೆ," ಎಂದು ನಾನು ಮುಂದೆ ನಡೆದೆ.

ಡಾಕ್ಟರಮ್ಮನ ಮಾತು ಕೇಳಿದ ಮೇಲೆ, ವಿಚಾರಿಸಿಕೊಂಡು ಕಿರಂಗೂರಿನ ಅವನ ಮನೆಗೆ ಹೋದೆ. ಮಗ ಬಾಗಿಲಿಗೆ ಬಂದ.

"ಅಬ್ಬಾ ತೀರ್ಕೊಂಡು ಎರಡ್ ವರ್ಷ ಆಯ್ತು. ನೀವ್ಯಾರು ಅಂತ ಗೊತ್ತಾಗ್ನಿಲ್ಲ."

"ಪರಿಚಯದವನು," ಎಂದೆ. ನೀರು ಕೊಟ್ಟ, ಕುಡಿದು ಎದ್ದು ಬಂದೆ.

ಅಲ್ಲೂ ಸುಳ್ಳನ್ನೇ ಹೇಳಿದೆ. ಅವನು ಬದುಕಿದ್ದಾಗ ನಾನು ಒಮ್ಮೆಯೂ ತಪ್ಪಾಯಿತು ಎಂದು ಕೇಳಿಕೊಳ್ಳಲಿಲ್ಲ. ಆ ಮನುಷ್ಯ ಪರಿಚಯದವನಲ್ಲ. ಅವನು ನನ್ನ ಗೆಳೆಯ.