ಗೋಡೆ ಬಡಿಯುವ ಚಾಳಿ

ಬೆಳಿಗ್ಗೆ ರೊಟ್ಟಿ ಬಡಿದಿಟ್ಟು, ಯಜಮಾನರ ಜೊತೆ ಬ್ಯಾಡಗಿಯಲ್ಲೊಂದು ಮನೆ ಕೊಳ್ಳಲು ನೋಡಹೋದೆ. ಹೊಸದಾಗಿ ಬಣ್ಣ ಬಳಿದ ಪಡಸಾಲೆ ಇಬ್ಬರಿಗೂ ಹಿಡಿಸಿತು. ಅಷ್ಟರಲ್ಲಿ ನನ್ನ ಬೆರಳು ತಾನಾಗಿಯೇ ಗೋಡೆ ಬಡಿಯಿತು.

ಚಿಕ್ಕಂದಿನಲ್ಲಿ ಅಣ್ಣನೊಂದಿಗೆ ಆಡುತ್ತಿದ್ದ ವಿಡಿಯೋ ಗೇಮಿನ ದೆವ್ವದ ಕೋಟೆಯಲ್ಲಿ, ಟೊಳ್ಳು ಗೋಡೆಯನ್ನು ಬಡಿದು ಒಡೆದರೆ ಒಳಗೆ ಊಟ ಅಡಗಿರುತ್ತಿತ್ತು. ಅಲ್ಲಿನ ಮೇಣದಬತ್ತಿಗಳು ಈಗಲೂ ಕನಸಿನಲ್ಲಿ ಬರುತ್ತವೆ. ಗೋಡೆ ಬಡಿಯುವ ಚಾಳಿಯೂ ಹೋಗಿಲ್ಲ.

ಈ ಪಡಸಾಲೆಯಲ್ಲಿ ನಾನು ಬಡಿದ ಕಡೆ ಗಿಲಾವು ಕಳಚಿ ಬಿದ್ದು, ಒಳಗಿಂದ ಗೆದ್ದಲು ಹರಿದವು.

"ಇನ್ನೂ ಆಟ ಬಿಟ್ಟಿಲ್ಲೇನ ನೀ?" ಯಜಮಾನರು ನಕ್ಕರು. ಮನೆ ಬೇಡವೆಂದು ಬಂದೆವು. ಆದರೂ ದಿನವಿಡೀ ಕಸಿವಿಸಿ: ಬೇರೆ ಯಾರಾದರೂ ತಿಳಿಯದೆ ಕೊಂಡರೆ?

ಸಂಜೆ ಪಕ್ಕದ ಮನೆಯ ಶಮೀಮ್ ಬಟ್ಟೆ ತೆಗೆಯುತ್ತ ಅಂದಳು: "ಅಕ್ಕಾರ, ನೀವು ಬ್ಯಾಡಂದ ಮನೀಗೆ ನಮ್ಮ ತಮ್ಮ ಅಡ್ವಾನ್ಸ್ ಕೊಟ್ಟಾನ್ರಿ. ಭಾಳ ಚಲೋ ಐತಂತ. ಪಡಸಾಲಿ ಗ್ವಾಡೀಗೆ ದೊಡ್ಡದೊಂದು ಕ್ಯಾಲೆಂಡರ್ ಸುದ್ದಾ ಹಾಕ್ಯಾರಂತ."